ಓಡಿದರಷ್ಟೇ ಉಳಿಯುವ ಎಂಜಿನ್

ಹಳೆಯ ಉಗಿ ಎಂಜಿನ್ ಉಳಿಯಬೇಕಾದರೆ ಅದು ಓಡುತ್ತಲೇ ಇರಬೇಕು. ಬಣ್ಣ ಬಳಿದು ನಿಲ್ಲಿಸಿದರೆ ಉಳಿಯುವುದು ಕಬ್ಬಿಣ ಮಾತ್ರ. ಡಾರ್ಜಿಲಿಂಗ್ ಬೆಟ್ಟದ ರೈಲನ್ನೇ ನೋಡಿ. 1881ರಲ್ಲಿ ಡಾರ್ಜಿಲಿಂಗ್ ತಲುಪಿದ ಈ ಮಾರ್ಗದ ಹಳಿಗಳ ನಡುವೆ ಇರುವುದು ಎರಡೇ ಅಡಿ. 1889ರಿಂದ ಬಂದ ಬಿ ದರ್ಜೆಯ ಎಂಜಿನ್‌ಗಳಿಗೆ ನಾಲ್ಕೇ ಚಕ್ರ, ನೀರಿನ ತೊಟ್ಟಿ ಬಾಯ್ಲರಿನ ಬೆನ್ನ ಮೇಲೆ. ಇಡೀ ಭಾರ ಎಳೆಯುವ ಚಕ್ರಗಳ ಮೇಲೇ ಬಿದ್ದರೂ ಮಂಜಿನಲ್ಲಿ ತೊಯ್ದ ಹಳಿಯ ಮೇಲೆ ಚಕ್ರ ಜಾರುತ್ತದೆ. ಅದಕ್ಕೇ ಮುಂಭಾಗದಲ್ಲಿ ಕೂತವರು ಹಳಿಗೆ ಕೈಯಿಂದ ಮರಳು ಉದುರಿಸುತ್ತಾರೆ, ಇನ್ನೊಬ್ಬ ಕಲ್ಲಿದ್ದಲು ಒಡೆದು ಕೊಡುತ್ತಾನೆ. ಫೈರ್‌ಮನ್ನನ ಕಣ್ಣು ನೀರಿನ ಮಟ್ಟ ತೋರಿಸುವ ಗಾಜಿನ ಕೊಳವೆಯ ಮೇಲೆ. ಎಂಜಿನ್ ಮೂತಿ ಮೇಲೆತ್ತಿ ಏರುವಾಗ ಬಾಯ್ಲರಿನ ನೀರು ಹಿಂದಕ್ಕೆ ಸರಿದು ಗಾಜಿನಲ್ಲಿ ಹೆಚ್ಚಾಗಿ ಕಾಣುತ್ತದೆ. 2,258 ಮೀಟರ್ ಎತ್ತರದ ಘೂಮ್ ನಿಲ್ದಾಣ ದಾಟಿ ಇಳಿಜಾರು ಶುರುವಾಯಿತೋ, ಅದೇ ನೀರು ಮುಂದಕ್ಕೆ ಹರಿಯುತ್ತದೆ. ಆಗ ಒಲೆಯ ನೆತ್ತಿ ನೀರಿಲ್ಲದೆ ಬರಿದಾದರೆ ಅಪಾಯ. ಅದನ್ನು ಮೊದಲೇ ಅಂದಾಜು ಮಾಡಿ ನೀರು ತುಂಬಿರಬೇಕು. ಈ ಅಂದಾಜನ್ನು ಯಾವ ಫಲಕದ ಮೇಲೂ ಬರೆದಿಡಲಾಗದು. ಮೈಸೂರಿನ ರೈಲು ವಸ್ತುಸಂಗ್ರಹಾಲಯದಲ್ಲಿ ನಿಂತ ಎಂಜಿನ್‌ಗಳು ಆಕಾರವನ್ನು ಚೆನ್ನಾಗಿ ಕಲಿಸುತ್ತವೆ, ಅದಕ್ಕೆ ಅವು ಬೇಕೇ ಬೇಕು. ಕೈಯ ಹದ ಮಾತ್ರ ಬೆಂಕಿಯೆದುರೇ ಬರಬೇಕು.

ಓಡಿಸಿದರೆ ಸವೆಯುತ್ತದಲ್ಲ, ಬಿಡಿಭಾಗ ಬದಲಾಯಿಸುತ್ತ ಹೋದರೆ ಹಳೆಯದೇನು ಉಳಿಯಿತು ಎಂಬ ಆಕ್ಷೇಪ ಹಗುರವಾದುದಲ್ಲ. ಆದರೆ ಗಾಲಿ ಬದಲಾದ ಮಾತ್ರಕ್ಕೆ ಊರ ತೇರು ಬೇರೆಯಾಗುವುದಿಲ್ಲ. ಡಾರ್ಜಿಲಿಂಗ್ ಮಾರ್ಗದ ತಿಂಧಾರಿಯಾ ಕಾರ್ಯಾಗಾರದಲ್ಲಿ ಈ ಎಂಜಿನ್‌ಗಳನ್ನು ಬಿಚ್ಚಿ ಜೋಡಿಸುವ ಕಸುಬೂ ಪರಂಪರೆಯೇ. ಸವೆಯದ ಎಂಜಿನ್ ಆ ಕಸುಬಿಗೆ ಕೆಲಸ ಕೊಡದು. ವೇಲ್ಸ್‌ನ ಟಾಲಿಲಿನ್ ರೈಲು ಮಾರ್ಗ ಮುಚ್ಚುವ ಹೊತ್ತಿಗೆ, 1951ರಲ್ಲಿ, ಅದನ್ನು ವಹಿಸಿಕೊಂಡ ಸ್ವಯಂಸೇವಕರು ಹಿಡಿದದ್ದೂ ಇದೇ ದಾರಿ: ರಿಪೇರಿ ಮಾಡುತ್ತ ಓಡಿಸಿದರು, ಓಡಿಸುತ್ತ ಕಲಿತರು. ಇನ್ನು ಹೊಗೆಯ ಮಾತು. ಕಲ್ಲಿದ್ದಲ ಹೊಗೆ ಹೊಗೆಯೇ, ಖರ್ಚೂ ಡೀಸೆಲ್‌ಗಿಂತ ಹೆಚ್ಚು. ಹಾಗೆಂದೇ ದಿನನಿತ್ಯದ ದೂರದ ಓಡಾಟವನ್ನು ಡೀಸೆಲ್‌ಗೆ ಬಿಟ್ಟು, ಉಗಿಯನ್ನು ಡಾರ್ಜಿಲಿಂಗ್–ಘೂಮ್‌ನಂಥ ಸಣ್ಣ ಹಾದಿಗೆ ಮೀಸಲಿಡುವುದು ಸರಿ. ಪೂರಾ ನಿಲ್ಲಿಸಿದರೆ ಒಂದೇ ತಲೆಮಾರಿನಲ್ಲಿ ವಿದ್ಯೆ ಹೋಗುತ್ತದೆ. 1999ರಲ್ಲಿ ಯುನೆಸ್ಕೊ ಡಾರ್ಜಿಲಿಂಗ್ ಮಾರ್ಗವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಪಟ್ಟಿಗೆ ಸೇರಿದ ಮಾತ್ರಕ್ಕೆ ಒಲೆ ಉರಿಯುವುದಿಲ್ಲ. ಅಲ್ಲಿಗೆ ಹೋದರೆ, ದರ ಹೆಚ್ಚಾದರೂ ಸರಿ, ಉಗಿಬಂಡಿಯ ಟಿಕೆಟ್ಟನ್ನೇ ಕೇಳಿ ಕೊಳ್ಳಿ.