ಕೊಯಮತ್ತೂರಿನ ಯೋಗದಜ್ಜಿ

ಹಿರಿಯರ ಪಾದಕ್ಕೆರಗಿದ ಮಗುವನ್ನು ನೂರು ವರುಷ ಬಾಳೆಂದು ಹರಸುವುದು ನಮ್ಮ ನಾಡಿನ ವಾಡಿಕೆ. ಆದರೆ ಆ ನೂರರಲ್ಲಿ ಕಡೆಯ ಮೂವತ್ತು ವರುಷಗಳನ್ನು ಹೇಗೆ ಕಳೆಯಬೇಕೆಂಬುದನ್ನು ನಾವು ಯಾರಿಗೂ ಹೇಳಿಕೊಡುವುದಿಲ್ಲ. ನನಗಂತೂ ಯಾರೂ ಹೇಳಿಕೊಡಲಿಲ್ಲ; ನಾನೂ ನನ್ನ ತಾಯಿಯ ವಿಷಯದಲ್ಲಿ ಅದನ್ನು ಯೋಚಿಸಲಿಲ್ಲ. ಈ ವಿಚಾರ ಮನಸ್ಸಿಗೆ ನಾಟಿದ್ದು ತೊಂಬತ್ತೊಂಬತ್ತು ವರುಷ ಬಾಳಿದ ಒಬ್ಬ ಅಜ್ಜಿಯ ದೆಸೆಯಿಂದ. ಅವರನ್ನು ನಾನು ಕಣ್ಣಾರೆ ಕಂಡವಳಲ್ಲ. ಕಾಣುವ ಅವಕಾಶವಿದ್ದೂ ಕಾಣಲಿಲ್ಲವೆಂಬ ಕೊರಗು ಮಾತ್ರ ಉಳಿದಿದೆ.

ಅವರ ಹೆಸರು ವಿ. ನಾನಮ್ಮಾಳ್. 1920ರಲ್ಲಿ ಕೊಯಮತ್ತೂರು ಜಿಲ್ಲೆಯ ಪೊಳ್ಳಾಚಿ ಸೀಮೆಯ ಹಳ್ಳಿಯೊಂದರಲ್ಲಿ, ಬೇಸಾಯದ ಮನೆತನದಲ್ಲಿ ಹುಟ್ಟಿದವರು. ಎಂಟು ವರುಷದ ಹುಡುಗಿಯಾಗಿದ್ದಾಗ ತಂದೆಯೇ ಅವರಿಗೆ ಆಸನಗಳನ್ನು ಕಲಿಸಿದರು. ಕೈಹಿಡಿದ ಪತಿ ಸಿದ್ಧವೈದ್ಯವನ್ನು ಬಲ್ಲವರು. ಮದುವೆಯಾಗಿ, ಐವರು ಮಕ್ಕಳನ್ನು ಹೆತ್ತು ಸಾಕಿ, ಮೊಮ್ಮಕ್ಕಳನ್ನೂ ಮರಿಮಕ್ಕಳನ್ನೂ ಕಂಡರೂ ಬಾಲ್ಯದಲ್ಲಿ ಹಿಡಿದ ಅಭ್ಯಾಸವನ್ನು ಅವರು ಬಿಡಲಿಲ್ಲ. ಉಟ್ಟ ಸೀರೆಯಲ್ಲಿಯೇ ಹಲಾಸನ, ಸರ್ವಾಂಗಾಸನಗಳನ್ನು ಮಾಡುತ್ತಿದ್ದ ಅವರ ಚಿತ್ರಗಳನ್ನು ವಾಚಕರಲ್ಲಿ ಹಲವರು ಪತ್ರಿಕೆಗಳಲ್ಲಿ ಕಂಡಿರಬಹುದು. ಯೋಗಕ್ಕೆ ಬೇರೆಯ ಉಡುಪು, ಬೇರೆಯ ಭವನ, ಬೇರೆಯ ಸಂಗೀತ ಬೇಕೆನ್ನುವ ಈ ಕಾಲದಲ್ಲಿ ಆ ಸೀರೆ ನನಗೆ ಬಹಳ ಹಿಡಿಸಿತು.

ಇಲ್ಲಿ ಒಂದು ಮಾತನ್ನು ನೆನೆಯಬೇಕು. ನಮ್ಮ ಮೈಸೂರಿನಲ್ಲಿ 1930ರ ದಶಕದಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ತಿರುಮಲೈ ಕೃಷ್ಣಮಾಚಾರ್ಯರು ಯೋಗಶಾಲೆಯನ್ನು ನಡೆಸುತ್ತಿದ್ದರು. ಲೋಕವಿಖ್ಯಾತರಾದ ಬಿ. ಕೆ. ಎಸ್. ಅಯ್ಯಂಗಾರ್ಯರೂ ಪಟ್ಟಾಭಿ ಜೋಯಿಸರೂ ಆಚಾರ್ಯರ ಕೈಕೆಳಗೆ ಪಳಗಿದವರೇ. ಅಲ್ಲಿಗೆ ಶಿಷ್ಯವೃತ್ತಿಯನ್ನು ಬೇಡಿ ಬಂದ ಇಂದ್ರಾದೇವಿ ಎಂಬ ಪರದೇಶದ ಮಹಿಳೆಯನ್ನು ಆಚಾರ್ಯರು ಮೊದಲು ಒಲ್ಲೆನೆಂದರು. ಮಹಾರಾಜರ ಮಾತಿನ ಮೇಲೆ ಆಮೇಲೆ ಒಪ್ಪಿದರು. (ಆಕೆಯೂ 2002ರಲ್ಲಿ ದೂರದ ಅರ್ಜೆಂಟೀನಾದಲ್ಲಿ ಕಣ್ಮುಚ್ಚಿದಾಗ ನೂರನ್ನು ದಾಟಿದ್ದರು.) ಹೆಣ್ಣು ಯೋಗಶಾಲೆಯ ಹೊಸ್ತಿಲು ದಾಟಲು ಅರಮನೆಯ ಶಿಫಾರಸು ಬೇಕಾಗಿದ್ದ ಕಾಲ ಅದು. ಅದಕ್ಕೂ ಸುಮಾರು ಹತ್ತು ವರುಷ ಮೊದಲೇ ಪೊಳ್ಳಾಚಿಯ ಕಡೆಯ ಒಬ್ಬ ರೈತನು ಯಾರ ಅಪ್ಪಣೆಯನ್ನೂ ಕೇಳದೆ ತನ್ನ ಮಗಳಿಗೆ ಈ ವಿದ್ಯೆಯನ್ನು ಧಾರೆಯೆರೆದಿದ್ದನು.

ನಾನಮ್ಮಾಳ್ ಅವರು ಕಲಿತದ್ದನ್ನು ತಮ್ಮಲ್ಲಿಯೇ ಇಟ್ಟುಕೊಳ್ಳಲಿಲ್ಲ. ಮಕ್ಕಳಿಗೆ ಕಲಿಸಿದರು, ಮೊಮ್ಮಕ್ಕಳಿಗೆ ಕಲಿಸಿದರು, ನಾಲ್ಕು ದಶಕಗಳಿಗೂ ಮೀರಿ ಕೊಯಮತ್ತೂರಿನಲ್ಲಿ ಹೊರಗಿನವರಿಗೂ ಕಲಿಸಿದರು. ಶಿಷ್ಯರ ಸಂಖ್ಯೆ ಲಕ್ಷಗಳನ್ನು ಮುಟ್ಟಿತೆಂದು ಪತ್ರಿಕೆಗಳು ಬರೆದವು. ಆ ಲೆಕ್ಕ ನನಗೆ ಮುಖ್ಯವಲ್ಲ. ಒಂದೇ ಮನೆಯಲ್ಲಿ ಮೂರು ನಾಲ್ಕು ತಲೆಮಾರಿನವರು ಅಜ್ಜಿಯಿಂದ ಪಾಠ ಹೇಳಿಸಿಕೊಂಡು ತಾವೂ ಶಿಕ್ಷಕರಾದರಲ್ಲ, ಅದು ದೊಡ್ಡದು. ಕೇಂದ್ರ ಸರ್ಕಾರವು 2017ರಲ್ಲಿ ನಾರೀಶಕ್ತಿ ಪುರಸ್ಕಾರವನ್ನೂ 2018ರಲ್ಲಿ ಪದ್ಮಶ್ರೀಯನ್ನೂ ಕೊಟ್ಟು ಅವರನ್ನು ಗೌರವಿಸಿತು.

ಪದ್ಮಶ್ರೀಯ ಸುದ್ದಿ ಬಂದ ದಿನಗಳಲ್ಲಿಯೇ ನಮ್ಮ ಮನೆಯಲ್ಲಿ ಒಂದು ಅವಘಡವಾಯಿತು. ಎಂಬತ್ತು ದಾಟಿದ್ದ ನಮ್ಮವ್ವ ಒಂದು ರಾತ್ರಿ ಮಂಚದಿಂದ ಇಳಿಯುವಾಗ ಆಯತಪ್ಪಿ ಬಿದ್ದು ತೊಡೆಯ ಮೂಳೆಯನ್ನು ಮುರಿದುಕೊಂಡರು. ಶಸ್ತ್ರಚಿಕಿತ್ಸೆಯಾಯಿತು, ಆದರೆ ಅವ್ವ ಮತ್ತೆ ತಾವಾಗಿ ನಡೆಯಲಿಲ್ಲ. ಹಾಸಿಗೆಯ ಬಳಿ ಕುಳಿತು ದಿನಪತ್ರಿಕೆಯನ್ನು ಓದಿ ಹೇಳುವುದು ನನ್ನ ಪಾಲಿಗೆ ಬಂದ ಸೇವೆ. ಹಾಗೆ ಒಂದು ಮಧ್ಯಾಹ್ನ ನಾನಮ್ಮಾಳ್ ಅವರ ವೃತ್ತಾಂತವನ್ನೂ ಓದಿದೆ. ಬೆಳಗ್ಗೆ ರಾಗಿ ಮೊದಲಾದ ಧಾನ್ಯಗಳ ಗಂಜಿ, ರಾತ್ರಿ ಹಾಲು ಹಣ್ಣು, ತೊಂಬತ್ತೇಳು ತುಂಬಿದ ಮೇಲೂ ಶಿಷ್ಯರಿಗೆ ಪಾಠ. ಅವ್ವ ಚಿತ್ರವನ್ನು ಬಹಳ ಹೊತ್ತು ನೋಡಿ ಕೇಳಿದರು:

“ಈ ಯಮ್ಮನ ಮನೇಲಿ ಯಾರೂ ಕೂತ್ಕೊ ಅನ್ನಲಿಲ್ವೇನವ್ವಾ?”

ನಾನು ಉತ್ತರ ಹೇಳಲಿಲ್ಲ. ಹೇಳಲು ಬಾಯಿ ಬರಲಿಲ್ಲ.

ಅರವತ್ತರ ತನಕ ಬಾವಿಯಿಂದ ನೀರು ಸೇದಿ, ಸೊಂಟದ ಮೇಲೊಂದು ತಲೆಯ ಮೇಲೊಂದು ಕೊಡ ಹೊತ್ತು ತಂದ ಜೀವ ನಮ್ಮವ್ವ. ರಾಗಿ ಬೀಸಿದವರು, ಸಗಣಿ ಬಾಚಿದವರು, ನೆಲಕ್ಕೆ ಕುಳಿತು ಉಂಡು ಕೈಯೂರದೆ ಎದ್ದವರು. ತಂದೆಯವರು ಲಿಂಗೈಕ್ಯರಾದ ಮೇಲೆ ನಾವು ಮಕ್ಕಳೆಲ್ಲ ಸೇರಿ, ಅವ್ವ ದುಡಿದದ್ದು ಸಾಕೆಂದು ತೀರ್ಮಾನಿಸಿದೆವು. ಮನೆಗೆ ನಲ್ಲಿ ಬಂತು, ಬೀಸುವ ಯಂತ್ರ ಬಂತು, ಮಂಚ ಬಂತು, ಕುರ್ಚಿ ಬಂತು. ಪೊರಕೆ ಹಿಡಿದರೆ ಕಿತ್ತುಕೊಂಡೆವು. “ಕೂತ್ಕೊಳವ್ವ, ನಿಂಗ್ಯಾಕೆ” ಎಂಬುದೇ ನಮ್ಮ ಮಾತೃಭಕ್ತಿಯಾಯಿತು. ಮೊದಮೊದಲು ಅವ್ವ ಜಗಳವಾಡಿದರು, ಆಮೇಲೆ ಕುಳಿತರು. ಇಪ್ಪತ್ತು ವರುಷ ಕುಳಿತರು.

ವೈದ್ಯರು ನನಗೆ ತಿಳಿಯಹೇಳಿದ್ದು ಇಷ್ಟು. ಮುಟ್ಟು ನಿಂತ ಬಳಿಕ ಹೆಂಗಸಿನ ಮೂಳೆಯ ಸತ್ವ ಬೇಗ ಇಳಿಯುತ್ತದೆ. ಭಾರ ಹೊರುವ, ನಡೆಯುವ, ಬಾಗುವ ಕೆಲಸವಿದ್ದರೆ ಇಳಿತ ನಿಧಾನವಾಗುತ್ತದೆ. ಬಳಸದ ಮಾಂಸಖಂಡ ಸೊರಗುತ್ತದೆ. ಎಲ್ಲಕ್ಕೂ ಮಿಗಿಲಾಗಿ, ಮೈಯ ತೂಕವನ್ನು ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ದಾಟಿಸುವ ಹದ ಅಭ್ಯಾಸವಿಲ್ಲದೆ ಮರೆತುಹೋಗುತ್ತದೆ. ಆ ಹದ ತಪ್ಪಿದಾಗಲೇ ಮುದುಕರು ಬೀಳುವುದು. ವೃಕ್ಷಾಸನದಲ್ಲಿ ಒಂಟಿಕಾಲಿನ ಮೇಲೆ ನಿಲ್ಲಿಸುವುದು ಇದೇ ಹದವನ್ನು ಕಾಯುವ ಪಾಠವೆಂದು ನನಗೆ ಆಗ ಅರಿವಾಯಿತು. ಕೊಡ ಹೊತ್ತು ಹೊಸ್ತಿಲು ದಾಟುವಾಗ ಅವ್ವ ಮಾಡುತ್ತಿದ್ದುದೂ ಅದನ್ನೇ. ನೀರು ಹೊರುವ ಕಷ್ಟವನ್ನು ತಪ್ಪಿಸಿದ್ದು ತಪ್ಪೆಂದು ನಾನು ಹೇಳುವುದಿಲ್ಲ. ಆ ಜಾಗದಲ್ಲಿ ಬೇರೇನನ್ನೂ ಇಡದೆ ಹೋದೆವು.

ನನ್ನ ತಂಗಿಯ ಸಂಸಾರ ಕೊಯಮತ್ತೂರಿನಲ್ಲಿದೆ. “ಅಕ್ಕಾ, ಒಂದು ಸಲ ಬಾ, ಆ ಅಜ್ಜಿಯನ್ನು ಕಂಡು ಬರೋಣ” ಎಂದು ಅವಳು ಎಷ್ಟೋ ಸಲ ಕರೆದಳು. ಚಾಮರಾಜನಗರದಿಂದ ದಿಂಬಂ ಘಟ್ಟವನ್ನಿಳಿದು, ಬಣ್ಣಾರಿ, ಸತ್ಯಮಂಗಲವನ್ನು ದಾಟಿದರೆ ಒಂದು ಹೊತ್ತಿನ ಪಯಣ. ಅವ್ವನನ್ನು ಬಿಟ್ಟು ಹೋಗುವುದು ಹೇಗೆಂದು ಮುಂದೂಡಿದೆ. 2019ರ ಅಕ್ಟೋಬರ್ 26, ನೀರು ತುಂಬುವ ಹಬ್ಬದ ದಿನ. ಹಂಡೆ ತೊಳೆದು, ಸುಣ್ಣ ಕೆಮ್ಮಣ್ಣು ಬಳಿದಿಟ್ಟ ದಿನವೇ ತಂಗಿ ದೂರವಾಣಿಯಲ್ಲಿ ಸುದ್ದಿ ಹೇಳಿದಳು. ಅಜ್ಜಿ ತೀರಿಕೊಂಡರು. ಅವರೂ ಹಾಸಿಗೆಯಿಂದ ಬಿದ್ದು, ಕೆಲವು ವಾರ ನರಳಿ ಹೋದರೆಂದು ಮರುದಿನ ಪತ್ರಿಕೆಯಲ್ಲಿ ಬಂತು.

ಹಬ್ಬಕ್ಕೆ ಬಂದಿದ್ದ ನಮ್ಮಣ್ಣ ಅದನ್ನು ಓದಿ, “ನೋಡಿದೆಯಾ, ಅಷ್ಟು ಯೋಗ ಮಾಡಿದವರೂ ಮಂಚದಿಂದಲೇ ಬಿದ್ದರು” ಎಂದ. ಅಣ್ಣನ ಮಾತಿನಲ್ಲಿ ಕೊಂಕಿರಲಿಲ್ಲ. ತನ್ನನ್ನು ತಾನು ಸಂತೈಸಿಕೊಳ್ಳುವ ಧ್ವನಿಯಿತ್ತು. ಅವನಿಗೆ ನಾನು ಹೇಳಿದ್ದು ಇಷ್ಟೇ: “ಅವರು ಬಿದ್ದದ್ದು ತೊಂಬತ್ತೊಂಬತ್ತರಲ್ಲಿ ಅಣ್ಣಾ. ಅವ್ವನನ್ನು ನಾವು ಅರವತ್ತರಲ್ಲಿಯೇ ಕೂರಿಸಿದೆವು.” ಒಳಗಿನ ಕೋಣೆಯಲ್ಲಿ ಮಲಗಿದ್ದ ಅವ್ವನಿಗೆ ಕೇಳಿಸಿತೋ ಇಲ್ಲವೋ. ಮಾರನೆಯ ವರುಷದ ಆದಿಯಲ್ಲಿ ಅವರೂ ಲಿಂಗೈಕ್ಯರಾದರು.

ಆ ಬಳಿಕ ನಾನು ಅರವತ್ತಮೂರನೆಯ ವಯಸ್ಸಿನಲ್ಲಿ ಆಸನಗಳನ್ನು ಕಲಿಯತೊಡಗಿದೆ. ಮೊದಲ ದಿನ ಗೋಡೆ ಹಿಡಿದರೂ ಒಂಟಿಕಾಲಿನಲ್ಲಿ ಐದು ಎಣಿಸುವಷ್ಟು ನಿಲ್ಲಲಾಗಲಿಲ್ಲ. ಈಗ ಗೋಡೆಯ ಹಂಗಿಲ್ಲದೆ ಇಪ್ಪತ್ತು ಎಣಿಸುತ್ತೇನೆ. ಮಂಡಿ ಇನ್ನೂ ನೋಯುತ್ತದೆ. ಪದ್ಮಾಸನ ಒಲಿಯಲಿಲ್ಲ, ಇನ್ನು ಒಲಿಯಲಾರದು. ಮೊಮ್ಮಗಳು ಪಕ್ಕದಲ್ಲಿ ನಿಂತು ನನ್ನನ್ನು ಅಣಕಿಸುತ್ತಲೇ ಎಲ್ಲವನ್ನೂ ಕಲಿತುಬಿಟ್ಟಿದ್ದಾಳೆ.

ನಮ್ಮ ಸೊಸೆ ಬಹಳ ಒಳ್ಳೆಯವಳು. ಮೊನ್ನೆ ಜಗಲಿಯ ಮೇಲೆ ಅಕ್ಕಿ ಕೇರುತ್ತಿದ್ದಾಗ ಓಡಿಬಂದು, “ನೀವು ಕೂತ್ಕೊಳ್ಳಿ ಅತ್ತೆ, ನಾನು ಮಾಡ್ತೀನಿ” ಎಂದು ಮೊರಕ್ಕೆ ಕೈ ಹಾಕಿದಳು. ನಾನು ಕೊಡಲಿಲ್ಲ. ಮುಖ ಸಣ್ಣದು ಮಾಡಿಕೊಂಡಳು. ಪಕ್ಕದಲ್ಲಿ ಕೂರಿಸಿಕೊಂಡು, ಅವಳಿಗೆ ಅವ್ವನ ಕಥೆಯನ್ನು ಮೊದಲಿನಿಂದ ಹೇಳಿದೆ.