ಜಮಾ ಆದ ಹಣ, ಕೈಸೇರದ ಹಣ

ಕೊಟ್ಟೂರಿನ ನಮ್ಮ ಅಂಗಡಿಯಲ್ಲಿ ಬಹುಕಾಲ ಶೇಂಗಾ ಹಸನು ಮಾಡುತ್ತಿದ್ದ ವೃದ್ಧೆಯೊಬ್ಬಳಿಗೆ ಸಂಧ್ಯಾ ಸುರಕ್ಷಾ ವೇತನ ಮಂಜೂರಾಗಿತ್ತು. 2007ರಲ್ಲಿ ತಿಂಗಳಿಗೆ 400 ರೂಪಾಯಿಯಿಂದ ಆರಂಭವಾದ ಈ ವೇತನವನ್ನು 2021ರಲ್ಲಿ ಸರಕಾರ 1,200ಕ್ಕೆ ಏರಿಸಿತು. ಹಣ ಬಂದೊಡನೆ ನನ್ನಲ್ಲಿಯ ಉದ್ರಿ ತೀರಿಸುವುದು ಆಕೆಯ ಪದ್ಧತಿ. ಒಮ್ಮೆ ಮೂರು ತಿಂಗಳು ಹಣ ಬರಲಿಲ್ಲ. ನಾಲ್ಕನೆಯ ತಿಂಗಳು ಬೇಳೆ, ಎಣ್ಣೆಗೆಂದು ಬಂದಾಗ, "ಯಮ್ಮಾ, ಮೊದಲು ಬಾಕಿ ತೀರಲಿ, ಆಮೇಲೆ ನೋಡೋಣ" ಎಂದು ಕಳುಹಿಸಿಬಿಟ್ಟೆ. ಅಂದು ಅಷ್ಟಮಿ, ನಾನು ಉಪವಾಸವಿದ್ದೆ. ಸಂಜೆ ಸ್ವಾಧ್ಯಾಯಕ್ಕೆ ಕುಳಿತರೆ ಮನಸ್ಸು ನಿಲ್ಲಲೊಲ್ಲದು. ನನ್ನ ಉಪವಾಸ ನಾನಾಗಿ ಕೈಗೊಂಡದ್ದು. ಆಕೆಯ ಮೇಲೆ ನಾನು ಹೇರಿದ್ದು ಯಾವ ವ್ರತ?

ಮರುದಿನ ಆಕೆಯನ್ನು ಕರೆದುಕೊಂಡು ಕಚೇರಿಗೆ ಹೋದೆ. ಅಲ್ಲಿಯ ಲೆಕ್ಕದಲ್ಲಿ ಒಂದು ತಿಂಗಳೂ ತಪ್ಪದೆ ಹಣ ಸಂದಾಯವಾಗಿತ್ತು! ಕಾರಣ ತಿಳಿದದ್ದು ಮೂರನೆಯ ಸಲ ಅಲೆದ ಮೇಲೆ. ಸರಕಾರದ ಹಣ ಈಗ ಆಧಾರ್ ಸಂಖ್ಯೆಯ ಬೆನ್ನು ಹಿಡಿದು ಹೋಗುತ್ತದೆ. ಕೊನೆಯದಾಗಿ ಯಾವ ಖಾತೆಗೆ ಆಧಾರ್ ಜೋಡಣೆಯಾಗಿದೆಯೋ ಅಲ್ಲಿ ಜಮಾ ಆಗುತ್ತದೆ. ಸ್ವಸಹಾಯ ಸಂಘಕ್ಕೆ ಸೇರುವಾಗ ಆಕೆ ಬೇರೊಂದು ಬ್ಯಾಂಕಿನಲ್ಲಿ ಹೆಬ್ಬೆಟ್ಟು ಒತ್ತಿ ಖಾತೆ ತೆರೆದಿದ್ದಳು. ಹಣವೆಲ್ಲ ಅಲ್ಲಿ ಕುಳಿತಿತ್ತು. ಆ ಕುರಿತ ಸಂದೇಶಗಳು ಬೆಂಗಳೂರಿನಲ್ಲಿ ಕಟ್ಟಡ ಕೆಲಸಕ್ಕಿದ್ದ ಮಗನ ಮೊಬೈಲಿಗೆ ಹೋಗಿದ್ದವು. ಆತ ಅವನ್ನು ಓದಿಯೇ ಇರಲಿಲ್ಲ.

ಬಿ.ಕಾಂ. ಓದಿ ನಲವತ್ತು ವರ್ಷ ಖಾತೆ ಬರೆದ ನನಗೆ ಇದು ವಿಚಿತ್ರವೆನಿಸಿತು. ವ್ಯಾಪಾರದಲ್ಲಿ ಹಣ ಕಳುಹಿಸಿದವನು ಮುಟ್ಟಿತೇ ಎಂದು ವಿಚಾರಿಸುತ್ತಾನೆ, ರಸೀದಿ ಪಡೆಯುತ್ತಾನೆ. ವೇತನದ ಮೊತ್ತ ಹೆಚ್ಚಬೇಕೆಂಬ ಬೇಡಿಕೆ ನ್ಯಾಯವಾದದ್ದೇ. ಕೇಂದ್ರದ ವೃದ್ಧಾಪ್ಯ ವೇತನದ ಪಾಲು 79 ವರ್ಷದವರೆಗೆ ಬರಿಯ 200 ರೂಪಾಯಿ ಎಂದರೆ ನಾಚಿಕೆಯಾಗುತ್ತದೆ. ಆದರೆ ಹೆಚ್ಚಿದ ಹಣವೂ ದಾರಿ ತಪ್ಪಿದರೆ ಫಲವೇನು? 2012ರಿಂದ ಜಾರಿಯಲ್ಲಿರುವ ಸಕಾಲ ಕಾಯಿದೆಯಲ್ಲಿ ಅರ್ಜಿ ವಿಳಂಬವಾದರೆ ದಿನಕ್ಕೆ 20 ರೂಪಾಯಿಯಂತೆ 500ರವರೆಗೆ ಪರಿಹಾರವುಂಟು. ಮಂಜೂರಾದ ಹಣ ಕೈಸೇರದಿದ್ದಾಗಲೂ ಅಂತಹ ಹೊಣೆ ಇರಲಿ. ಖಾತೆ ಬದಲಾದ ತಿಂಗಳು ಗ್ರಾಮ ಆಡಳಿತಾಧಿಕಾರಿ ಮನೆಗೇ ಬಂದು, ಯಾವ ಬ್ಯಾಂಕಿಗೆ ಎಷ್ಟು ಹೋಯಿತೆಂದು ಚೀಟಿ ಕೊಡಲಿ.

ನಮ್ಮ ಸೀಮೆಯಲ್ಲಿ ಇದರ ಅಗತ್ಯ ಇನ್ನೂ ಹೆಚ್ಚು. ಹರಪನಹಳ್ಳಿಯೊಂದನ್ನೇ ನೋಡಿರಿ: ಬಳ್ಳಾರಿಯಿಂದ 1997ರಲ್ಲಿ ದಾವಣಗೆರೆಗೆ, 2018ರಲ್ಲಿ ಮರಳಿ ಬಳ್ಳಾರಿಗೆ, 2021ರಲ್ಲಿ ವಿಜಯನಗರಕ್ಕೆ. ಕೊಟ್ಟೂರು ಕೂಡ ಕೂಡ್ಲಿಗಿಯಿಂದ ಬೇರ್ಪಟ್ಟ ಹೊಸ ತಾಲ್ಲೂಕು. ಹೊಸಪೇಟೆಯ ಜಿಲ್ಲಾ ಕಚೇರಿಗೆ ಹೋಗಿಬರಲು ಹಡಗಲಿಯ ಮುದುಕಿಗೆ ಒಂದು ದಿನವೇ ಬೇಕು. ಬಸದಿಗಳ ಟ್ರಸ್ಟಿನವರು ಆಹಾರದಾನಕ್ಕೆಂದು ತೆಗೆದಿಡುವ ಹಣದಲ್ಲಿ ಅಲ್ಪಭಾಗ ವೆಚ್ಚಮಾಡಿ, ಹಗರಿಬೊಮ್ಮನಹಳ್ಳಿಯಲ್ಲೋ ಕೂಡ್ಲಿಗಿಯಲ್ಲೋ ಸಂತೆಯ ದಿನ ಒಬ್ಬ ಪದವೀಧರನನ್ನು ಕೂರಿಸಿ, ಇಂತಹವರ ಪಾಸ್‌ಬುಕ್ ಓದಿ ಹೇಳಿಸಬಾರದೇಕೆ?

ಹಣ ದೊರೆತ ದಿನ ಆಕೆ ನೇರವಾಗಿ ಅಂಗಡಿಗೆ ಬಂದಳು. ಬೇಡವೆಂದರೂ ಕೇಳದೆ ಬಾಕಿ ಎಣಿಸಿಟ್ಟು, "ಮುಟ್ಟೇತಿ ಅಂತ ಒಂದು ಚೀಟಿ ಬರ್ದು ಕೊಡ್ರಿ, ಸಾವ್ಕಾರ್ರೆ" ಎಂದಳು. ಬರೆದುಕೊಟ್ಟೆ.