ನಮ್ಮ ಕಡೆಯವರು, ಭಾಗ 4: ಸೈಕಲ್ ಅಂಗಡಿಯಿಂದ ಒಂದು ಊರಿನತನಕ

ಬೆಳಗಾವಿಯ ಕಿರ್ಲೋಸ್ಕರ್ ರೋಡ್‌ನ್ಯಾಗ ನಾವೆಲ್ಲ ಅಡ್ಡಾಡೀವಿ. ಆ ಹೆಸರು ಯಾರದು ಅಂತ ಕ್ಲಾಸ್‌ನ್ಯಾಗ ಕೇಳಿದ್ರ "ಪಂಪ್‌ಸೆಟ್ ಕಂಪನಿದು" ಅಂದ್ರು. ಖರೇ. ಆದ್ರ ಪಂಪ್‌ಗಿಂತ ಮೊದಲು ಅಲ್ಲಿ ಒಂದು ಸೈಕಲ್ ಅಂಗಡಿ ಇತ್ತು. 🚲

ಲಕ್ಷ್ಮಣರಾವ್ ಕಿರ್ಲೋಸ್ಕರ್ ಹುಟ್ಟಿದ್ದು 1869ರಲ್ಲಿ, ನಮ್ಮದೇ ಜಿಲ್ಲೆಯ ಗುರ್ಲಹೊಸೂರಿನಲ್ಲಿ. ಮುಂಬೈಗೆ ಚಿತ್ರಕಲೆ ಕಲಿಯಾಕ ಹೋದರು. ಕಣ್ಣಿಗೆ ಬಣ್ಣ ಸರಿಯಾಗಿ ಗುರುತು ಸಿಗುತ್ತಿರಲಿಲ್ಲ. ಪೇಂಟಿಂಗ್ ಬಿಟ್ಟು ಯಂತ್ರಗಳ ಡ್ರಾಯಿಂಗ್ ಹಿಡಿದರು, ಮುಂದೆ ಅದನ್ನೇ ಕಲಿಸುವ ಮಾಸ್ತರರಾದರು. ಬರಬೇಕಾದ ಬಡ್ತಿ ಬೇರೆಯವರಿಗೆ ಹೋದಾಗ ನೌಕರಿಗೆ ರಾಜೀನಾಮೆ ಕೊಟ್ಟರು. ಇಂಜಿನಿಯರಿಂಗ್ ಡಿಗ್ರಿ ಇರಲಿಲ್ಲ. ಓದಿ, ಬಿಚ್ಚಿ, ಜೋಡಿಸಿ ಕಲಿತದ್ದೇ ವಿದ್ಯೆ.

1888ರಲ್ಲಿ ಶುರುವಾದ ಸೈಕಲ್ ಅಂಗಡಿಯನ್ನ ಅಣ್ಣ ರಾಮಣ್ಣ ಜೊತೆಗೂಡಿ ನಡೆಸಿದರು. ಆಮೇಲೆ ಮೇವು ಕತ್ತರಿಸುವ ಯಂತ್ರ, 1903ರಲ್ಲಿ ಕಬ್ಬಿಣದ ನೇಗಿಲು. ರೈತರು ಮುಟ್ಟಲಿಲ್ಲ ನೋಡ್ರಿ! ಕಬ್ಬಿಣ ತಾಗಿದ್ರ ಭೂಮಿಗೆ ವಿಷ ಏರ್ತೈತಿ ಅನ್ನೋ ಭಯ. ಮಾರಾಟ ಆಗಾಕ ಎರಡು ವರ್ಷ ಬೇಕಾತು.

ಅಷ್ಟರಾಗ ಊರು ಬೆಳೀತು. ಹೊಸ ಬಡಾವಣೆಗೆ ಜಾಗ ಬೇಕು, ಖಾಲಿ ಮಾಡ್ರಿ ಅಂತ ಬೆಳಗಾವಿ ಮುನ್ಸಿಪಾಲ್ಟಿ ಹೇಳಿತು. ಕಾರ್ಖಾನೆ ಹೊತ್ತುಕೊಂಡು ಎಲ್ಲಿಗೆ ಹೋಗೋದು? ಔಂಧ್ ಸಂಸ್ಥಾನದ ರಾಜ 32 ಎಕರೆ ಕೊಟ್ಟರು. ಪಾಪಾಸುಕಳ್ಳಿ, ನಾಗರಹಾವು ತುಂಬಿದ ಬಂಜರು. ಅಲ್ಲಿ 1910ರಲ್ಲಿ ಎದ್ದು ನಿಂತದ್ದು ಕಿರ್ಲೋಸ್ಕರವಾಡಿ. ಚಿಕ್ಕೋಡಿ ರೋಡ್, ರಾಯಬಾಗ, ಕುಡಚಿ, ಉಗಾರ, ಶೇಡಬಾಳ ದಾಟಿ ರೈಲು ಮಿರಜ್‌ನಿಂದ ಮುಂದ ಹೋದ್ರ ಆ ಸ್ಟೇಷನ್ ಬರ್ತೈತಿ.

ನನ್ನ ತಲ್ಯಾಗ ಕುಂತದ್ದು ಇದರ ಮುಂದಿನ ಮಾತು. ಅವರು ಎಲೆಕ್ಷನ್‌ಗೆ ನಿಂತು ಆ ಊರು ಆಳಲಿಲ್ಲ. ಆದ್ರ ಅಲ್ಲಿ ಅಸ್ಪೃಶ್ಯತೆ ನಡೆಯಂಗಿಲ್ಲ ಅಂದರು. ಜೈಲಿಗೆ ಹೋಗಿ ಬಂದವರನ್ನೇ ರಾತ್ರಿ ಕಾವಲಿಗೆ ಇಟ್ಟರು. ಇದು ರಾಜಕೀಯ ಅಲ್ಲದೆ ಮತ್ತೇನು?

ಹಂಗಂತ ಕಣ್ಣು ಮುಚ್ಚಿ ಚಪ್ಪಾಳೆ ಹೊಡೆಯೋದೂ ಬ್ಯಾಡ. ಮಾಲೀಕ ಒಳ್ಳೆಯವನಿದ್ದ, ಊರು ಚಲೋ ಆತು. ಮಾಲೀಕ ಕೆಟ್ಟವನಿದ್ರ? ಅವನನ್ನ ಇಳಿಸಾಕ ಕೆಲಸಗಾರರ ಕೈಯಾಗ ವೋಟ್ ಇರಂಗಿಲ್ಲ. ನಮ್ಮ ಹತ್ರ ಇವತ್ತು ಅದು ಐತಿ.

ಆದ್ರೂ ನಮ್ಮ ಊರಾಗ ಏನು ನಡೀತೈತಿ? ವೈರಿಂಗ್ ಮಾಡೋ ಹುಡುಗ, ವೆಲ್ಡರ್, ಪ್ಲಂಬರ್ ಸಭೆಗೆ ಮೈಕ್ ಜೋಡಸ್ತಾರ, ಪೆಂಡಾಲ್ ಹಾಕ್ತಾರ. ಕುರ್ಚಿ ಮ್ಯಾಲೆ ಬ್ಯಾರೆಯವರು ಕುಂದ್ರತಾರ. ಯಾವ ಓಣಿಗೆ ನೀರು ಏರಂಗಿಲ್ಲ, ಯಾವ ಕಂಬ ವಾಲೇತಿ ಅನ್ನೋದು ಗೊತ್ತಿರೋದು ಮಾತ್ರ ಕೆಳಗ ನಿಂತವರಿಗೆ. ಐಟಿಐ ಫಿಟರ್ ಕಲಿಯೋ ನನಗ "ಅದರಾಗ ಏನೈತಿ, ಸರ್ಕಾರಿ ನೌಕರಿ ನೋಡು" ಅನ್ನೋ ಮಾತು ದಿನಾ ಬೀಳ್ತೈತಿ. ನನಗ ಅನ್ನಸ್ತೈತಿ, ಪೈಪ್ ಎಲ್ಲಿ ಒಡದೈತಿ ಅಂತ ಹುಡುಕಾಕ ಕಲಿತವನಿಗೆ ಪಂಚಾಯ್ತಿ ಲೆಕ್ಕ ಓದೋದು ಭಾಳ ದೂರದ ಕೆಲಸ ಅಲ್ಲ.

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಮಂದಿ, ನಿಮ್ಮ ವಾರ್ಡಿಗೆ ಯಾವ ಕಸುಬಿನವರು ಮೆಂಬರ್ ಆಗಬೇಕು? ಕಮೆಂಟ್‌ನ್ಯಾಗ ಕಸುಬು ಮಾತ್ರ ಬರೀರಿ, ಪಾರ್ಟಿ ಬ್ಯಾಡ. 👇

#ನಮ್ಮಕಡೆಯವರು #ಚಿಕ್ಕೋಡಿ #ಕಸುಬು